ಹೇಳಬೇಡ ಎಂದಿದ್ದರು ಅಕ್ಕ

ಹೋದ ಭಾನುವಾರ ನೋಯ್ಡಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಕೆಟ್ಟಿತ್ತು. ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ನಾಲ್ಕನೆಯ ಮಹಡಿಗೆ ಬರುವಷ್ಟರಲ್ಲಿ ಯಾವುದೋ ಬಾಗಿಲಿನ ಸಂದಿಯಿಂದ ಕೊತ್ತಂಬರಿ ಬೀಜ, ಮೆಂತ್ಯ, ಒಣಮೆಣಸು ಹುರಿಯುವ ವಾಸನೆ ಬಂತು. ಇನ್ನು ಅರ್ಧ ನಿಮಿಷ ಬಿಟ್ಟರೆ ಸೀದುಹೋಗುತ್ತದೆ ಅನ್ನುವ ಹದ. "ಸಾಕು, ಇಳಿಸಿ" ಎಂದು ನನ್ನ ಬಾಯಿಂದ ಮಾತು ಹೊರಟೇಬಿಟ್ಟಿತು. ಮೆಟ್ಟಿಲ ಮೇಲೆ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಚೀಲ ಕೆಳಗಿಟ್ಟು ಗೋಡೆಗೆ ಒರಗಿ ನಿಂತೆ…

ಆ ಮಾತನ್ನು ನಾನು ಹೇಳುತ್ತಿದ್ದದ್ದು ಒಬ್ಬರಿಗೇ. ದೆಹಲಿಯ ಮುನಿರ್ಕಾದ ಮೆಸ್ಸಿನ ಅಕ್ಕನಿಗೆ.

ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದವು. ಮೆಟ್ರೊ ಇನ್ನೂ ಮುನಿರ್ಕಾದ ಕಡೆ ಸುಳಿದಿರಲಿಲ್ಲ. ತುಮಕೂರಿನಿಂದ ಬಂದ ನಾನು ದಕ್ಷಿಣ ದೆಹಲಿಯ ಒಂದು ದೊಡ್ಡ ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿ ಸೇರಿದ್ದೆ. ಇಪ್ಪತ್ನಾಲ್ಕು ವರ್ಷ ನನಗೆ. ಎರಡು ಬೈಕು ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕಾದಂಥ ಗಲ್ಲಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ ಹಿಡಿದಿದ್ದೆ. ಅದೇ ಗಲ್ಲಿಯ ಕೊನೆಯ ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು ಮೆಸ್ಸು. ಅಡುಗೆಮನೆ ಮಾತ್ರ ಮೂರನೆಯ ಮಹಡಿಯಲ್ಲಿ. ಮಾಡಿದ್ದನ್ನೆಲ್ಲ ಇಕ್ಕಟ್ಟಾದ ಮೆಟ್ಟಿಲ ಮೇಲೆ ಹೊತ್ತು ಕೆಳಗೆ ತರಬೇಕಿತ್ತು.

ನಡೆಸುತ್ತಿದ್ದವರು ಕುಂದಾಪುರದ ಕಡೆಯ ಗಂಡ ಹೆಂಡತಿ. ಆಕೆ ಅಡುಗೆ ಮಾಡುತ್ತಿದ್ದರು, ಆತ ಬಡಿಸುತ್ತಿದ್ದರು. ಯೂನಿವರ್ಸಿಟಿಯ ವಿದ್ಯಾರ್ಥಿಗಳು, ಕಂಪನಿ ಕೆಲಸದವರು, ಆರ್.ಕೆ.ಪುರಂ ಕ್ವಾರ್ಟರ್ಸಿನಿಂದ ಭಾನುವಾರ ಮಾತ್ರ ಬರುವ ಸಂಸಾರಗಳು… ಎಲ್ಲರಿಗೂ ಆಕೆ ಅಕ್ಕ, ಆತ ಭಾವ. ಅವರಿಗೆ ಮಕ್ಕಳಿರಲಿಲ್ಲ. ಅಕ್ಕನಿಗೆ ಆಗ ಐವತ್ತರ ಹತ್ತಿರ. ಬಾಗಿಲಲ್ಲಿ ಯಾರ ತಲೆ ಕಂಡರೂ ನಗುತ್ತಿದ್ದರು. ಮುಂದಿನ ಒಂದು ಹಲ್ಲಿನ ತುದಿ ಮುರಿದಿತ್ತು, ಅದನ್ನು ಮುಚ್ಚಿಕೊಳ್ಳುವ ಯೋಚನೆಯೇ ಇಲ್ಲದ ನಗು. ಮನೆ ಬಿಟ್ಟು ಬಂದ ಮೊದಲ ತಿಂಗಳು ನಾನು ದಿನವೂ ಊಟಕ್ಕೆ ಹೋಗುತ್ತಿದ್ದದ್ದು ಅರ್ಧ ಆ ನಗುವಿಗಾಗಿ ಎಂದರೆ ತಪ್ಪಾಗಲಾರದು.

ರಜೆಯ ದಿನ ನಾನು ಮೇಲಿನ ಅಡುಗೆಮನೆಗೇ ಹೋಗಿ ಕೂರುತ್ತಿದ್ದೆ. ಸಾರಿನ ಪುಡಿಗೆ ಹುರಿಯುವಾಗ ಅಕ್ಕ ಕರೆಯುತ್ತಿದ್ದರು. "ಬಾ ಮಗಾ, ಒಮ್ಮೆ ಮೂಸಿ ಹೇಳು. ಹದ ಬಂತಾ?" ನಾನು ಬಾಣಲೆಯ ಮೇಲೆ ಬಗ್ಗಿ, ತಜ್ಞೆಯ ಹಾಗೆ ಕಣ್ಣು ಮುಚ್ಚಿ, "ಸಾಕು, ಇಳಿಸಿ" ಎನ್ನುತ್ತಿದ್ದೆ. ನನ್ನನ್ನು ಮಗಳ ಹಾಗೆ ಕಂಡು ಕೆಲಸ ಕಲಿಸುತ್ತಿದ್ದಾರೆ ಅಂದುಕೊಂಡಿದ್ದೆ. ಅವರ ಮೂಗಿಗೆ ವಾಸನೆ ಹತ್ತುವುದು ನಿಂತು ಎಷ್ಟೋ ಕಾಲವಾಗಿತ್ತು ಅನ್ನುವುದು ಆಗ ನನಗೆ ಹೊಳೆದಿರಲಿಲ್ಲ.

ಆ ವರ್ಷ ನಮ್ಮ ವಿಭಾಗಕ್ಕೆ ಹೊಸ ಬಗೆಯ ಸ್ಕ್ಯಾನ್ ಬಂತು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮೆದುಳಿನ ಒಳಗಿನ ಒಂದು ಭಾಗ ನಿಧಾನವಾಗಿ ಸಾಯುತ್ತಾ ಹೋಗುತ್ತದೆ. ಕೈ ನಡುಗಲು ಶುರುವಾಗುವ ಹೊತ್ತಿಗೆ ಅದರ ಬಹುಪಾಲು ಹೋಗಿಬಿಟ್ಟಿರುತ್ತದೆ. ಈ ಸ್ಕ್ಯಾನಿನಲ್ಲಿ ಅದನ್ನು ಮೊದಲೇ ನೋಡಬಹುದಿತ್ತು. ರಕ್ತನಾಳಕ್ಕೆ ಒಂದು ಔಷಧ ಚುಚ್ಚುವುದು, ನಾಲ್ಕು ಗಂಟೆ ಕಾಯುವುದು, ಆಮೇಲೆ ತಲೆಯ ಸುತ್ತ ಕ್ಯಾಮೆರಾ ತಿರುಗಿಸಿ ಚಿತ್ರ ತೆಗೆಯುವುದು. ಆರೋಗ್ಯವಂತರ ಚಿತ್ರದಲ್ಲಿ ಕಪ್ಪಿನ ನಡುವೆ ಎರಡು ಬೆಳಕಿನ ತುಣುಕುಗಳು ಕಾಣುತ್ತವೆ, ಒಂದಕ್ಕೊಂದು ಎದುರಾಗಿ ಇಟ್ಟ ಎರಡು ಅಲ್ಪವಿರಾಮದ ಹಾಗೆ. ಕಾಯಿಲೆ ಶುರುವಾದವರಲ್ಲಿ ಮೊದಲು ಬಾಲ ಅಳಿಸಿಹೋಗುತ್ತದೆ.

ಅದರ ಅಧ್ಯಯನಕ್ಕೆ ರೋಗಿಗಳು ಬೇಕಾದಷ್ಟು ಜನ ಸಿಕ್ಕಿದರು. ಹೋಲಿಸಿ ನೋಡಲು ಆರೋಗ್ಯವಂತರು ಬೇಕಾಗಿತ್ತು. ಅಧ್ಯಯನ ನಡೆಸುತ್ತಿದ್ದ ಡಾಕ್ಟರಮ್ಮ ಪಂಜಾಬಿನವರು, ನಮ್ಮನ್ನೆಲ್ಲ ಕರೆದು, ಪರಿಚಯದವರಲ್ಲಿ ಐವತ್ತರ ಆಸುಪಾಸಿನ ಗಟ್ಟಿಮುಟ್ಟಾದವರು ಇದ್ದರೆ ಒಪ್ಪಿಸಿ ಕರೆತನ್ನಿ ಎಂದರು. ಗಟ್ಟಿಮುಟ್ಟು ಎಂದ ಕೂಡಲೇ ನನಗೆ ನೆನಪಾದದ್ದು ಅಕ್ಕ.

ಕೇಳಿದ್ದೇ ತಡ, ಒಪ್ಪಿಕೊಂಡರು. ಭಾವ ಸಾರಿನ ಸೌಟು ಹಿಡಿದುಕೊಂಡೇ ತಮಾಷೆ ಮಾಡಿದರು. "ಕರ್ಕೊಂಡು ಹೋಗು ತಂಗಿ. ಇವಳ ತಲೆಯೊಳಗೆ ಎಂತ ಉಂಟು ಅಂತ ನನಗೂ ನೋಡ್ಲಿಕ್ಕುಂಟು. ನಿದ್ದೆಯಲ್ಲಿ ನನ್ನನ್ನು ಒದೀತಾಳೆ, ಯಾರ ಜೊತೆ ಜಗಳ ಅಂತ ಕೇಳಿ ಬಾ." ಎಲ್ಲರೂ ನಕ್ಕರು. ನಾನೂ ನಕ್ಕೆ. ನಿದ್ದೆಯಲ್ಲಿ ಒದೆಯುವುದು, ವಾಸನೆ ಹೋಗುವುದು, ಇವೆಲ್ಲ ಆ ಕಾಯಿಲೆ ವರ್ಷಗಳ ಮೊದಲೇ ಕಳಿಸುವ ಸುದ್ದಿ ಎಂದು ಆಮೇಲೆ ಓದಿದೆ.

ಅಕ್ಕ ಬಂದ ದಿನ ನಮ್ಮ ವಿಭಾಗದವರಿಗೆಲ್ಲ ಆಗುವಷ್ಟು ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದರು. ಇಂಜೆಕ್ಷನ್ ಚುಚ್ಚಿಸಿಕೊಂಡು ನಾಲ್ಕು ಗಂಟೆ ಕಾರಿಡಾರಿನ ಬೆಂಚಿನ ಮೇಲೆ ಕೂತು, ಪಕ್ಕದ ಹರಿಯಾಣದ ಮುದುಕಿಯ ಜೊತೆ ಹಿಂದಿಯಲ್ಲಿ ಉಪ್ಪಿನಕಾಯಿಯ ಮಾತಾಡಿದರು. ಯಂತ್ರದಲ್ಲಿ ಮಲಗಿಸಿ ಹಣೆಗೆ ಪಟ್ಟಿ ಕಟ್ಟಿದಾಗ, "ಅಲ್ಲಾಡ್ಬಾರ್ದಾ? ಮದುವೆ ಆದ್ಮೇಲೆ ಹಗಲು ಹೊತ್ತು ಅರ್ಧ ಗಂಟೆ ಸುಮ್ನೆ ಮಲಗಿದ್ದು ಇವತ್ತೇ ಮಾರಾಯ್ತಿ" ಎಂದರು.

ಪರದೆಯ ಮೇಲೆ ಚಿತ್ರ ಮೂಡಿತು. ಬಲಗಡೆಯದು ಸರಿಯಾಗಿತ್ತು. ಎಡಗಡೆಯದಕ್ಕೆ ಬಾಲವಿರಲಿಲ್ಲ. ತಲೆ ವಾರೆಯಾಗಿರಬೇಕು ಅಂದುಕೊಂಡೆ. ಪಟ್ಟಿ ಬಿಚ್ಚಿ, ಮತ್ತೆ ಕಟ್ಟಿ, ಇನ್ನೊಮ್ಮೆ ತೆಗೆದೆ. ಅದೇ ಬಂತು. ಡಾಕ್ಟರಮ್ಮನನ್ನು ಕರೆದೆ. ಅವರು ನನ್ನ ಬೆನ್ನ ಹಿಂದೆ ನಿಂತು ತುಂಬ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಇವರು ನಾರ್ಮಲ್ ಗುಂಪಿನವರು ತಾನೇ?" ಎಂದು ಕೇಳಿದರು. ನಾನು ತಲೆಯಾಡಿಸಿದೆ.

ಏನಾದರೂ ಕಂಡುಬಂದರೆ ಅವರೊಬ್ಬರಿಗೇ ತಿಳಿಸಲಾಗುವುದು, ಅವರ ಒಪ್ಪಿಗೆಯಿಲ್ಲದೆ ಇನ್ಯಾರಿಗೂ ಹೇಳಲಾಗುವುದಿಲ್ಲ ಎಂದು ಅಕ್ಕ ಸಹಿ ಹಾಕಿದ ಕಾಗದದಲ್ಲಿತ್ತು. ವಾರದ ನಂತರ ಡಾಕ್ಟರಮ್ಮ ಕರೆಸಿದರು. ಅಕ್ಕನಿಗೆ ಹಿಂದಿ ಬರುತ್ತಿತ್ತು, ಆದರೆ ಕಾಯಿಲೆಯ ಮಾತನ್ನು ಕನ್ನಡದಲ್ಲೇ ಕೇಳಬೇಕು ಎಂದರು. ಹಾಗಾಗಿ ಅದನ್ನು ಹೇಳಬೇಕಾದವಳು ನಾನಾದೆ.

"ಅಕ್ಕಾ, ಪಾರ್ಕಿನ್ಸನ್ ಅಂತ… ಕೈಕಾಲು ನಡುಗುತ್ತಲ್ಲ, ಆ ಕಾಯಿಲೆ. ಅದು ಈಗ ತಾನೇ ಶುರುವಾಗ್ತಿರೋ ಹಾಗೆ ಕಾಣ್ತಿದೆಯಂತೆ."

ಅಕ್ಕ ತಕ್ಷಣ ಎರಡೂ ಕೈ ಮುಂದೆ ಚಾಚಿದರು. "ಎಲ್ಲಿ ನಡುಗ್ತದೆ? ನೋಡು, ನೀನೇ ನೋಡು."

ಕೈ ನಡುಗುತ್ತಿರಲಿಲ್ಲ. ಸ್ಕ್ಯಾನ್ ಒಂದರಿಂದಲೇ ಹೇಳಲಾಗದು ಎಂದು ಡಾಕ್ಟರಮ್ಮ ಅವರ ಬೆರಳುಗಳನ್ನು ತಟ್ಟಿಸಿದರು, ಮಣಿಕಟ್ಟು ಹಿಡಿದು ತಿರುಗಿಸಿದರು, ಕಾರಿಡಾರಿನಲ್ಲಿ ನಡೆಸಿದರು. ನಡೆಯುವಾಗ ಎಡಗೈ ಬೀಸುತ್ತಿತ್ತು. ಮೆದುಳಿನ ಎಡಭಾಗ ಆಳುವ ಬಲಗೈ ಮೈಗೆ ಅಂಟಿಕೊಂಡೇ ಇತ್ತು. "ಅದು ಚೀಲ ಹಿಡಿದು ಹಿಡಿದು ಅಭ್ಯಾಸ" ಎಂದರು ಅಕ್ಕ. ಮತ್ತೆ ಕುರ್ಚಿಯಲ್ಲಿ ಕೂತು ನನ್ನ ಮುಖವನ್ನೇ ನೋಡಿದರು.

"ಮದ್ದುಂಟಾ?"

"ನಿಲ್ಲಿಸೋ ಔಷಧಿ ಇಲ್ವಂತೆ ಅಕ್ಕಾ. ತೊಂದರೆ ಜಾಸ್ತಿ ಆದ್ಮೇಲೆ ಹಗುರ ಮಾಡೋ ಮಾತ್ರೆ ಇದೆಯಂತೆ."

"ಹಾಗಾದ್ರೆ ಈಗ ಯಾಕೆ ಹೇಳಿದ್ದು?"

ಡಾಕ್ಟರಮ್ಮ ನನ್ನ ಕಡೆ ತಿರುಗಿ, ಏನು ಕೇಳಿದರು ಎಂದರು. ಏನೂ ಇಲ್ಲ ಎಂದೆ.

ವಾಪಸು ಬರುವಾಗ ಬಸ್ ಸ್ಟಾಪಿನಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡರು. "ಇವರಿಗೆ ಹೇಳ್ಬೇಡ."

"ಭಾವನಿಗೆ ಹೇಳದೆ ಹೇಗೆ ಅಕ್ಕಾ?"

"ಹೇಳಿದ್ರೆ ನಾಳೆಯೇ ಒಲೆ ಆರಿಸಿ ಊರಿಗೆ ಕರ್ಕೊಂಡು ಹೋಗ್ತಾರೆ. ಊರಲ್ಲಿ ನನಗೆ ಎಂತ ಉಂಟು? ಮೈದುನನ ಮನೆಯ ಜಗಲಿ. ಅಲ್ಲಿ ಕೂತು ಯಾರಾದ್ರೂ ಬಾಯಿಗೆ ಅನ್ನ ಇಡ್ಲಿ ಅಂತ ಕಾಯುವುದಾ? ನನ್ನ ಚಿಕ್ಕಮ್ಮನಿಗೆ ಇದೇ ಆಗಿತ್ತು. ಅವಳೆದುರೇ ಅವಳ ವಿಷಯ ಮಾತಾಡ್ತಿದ್ರು, ಅವಳು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ. ಮತ್ತೆ, ಕೈ ನಡುಗುವವಳ ಅಡುಗೆ ಊಟ ಮಾಡ್ಲಿಕ್ಕೆ ಯಾರು ಬರ್ತಾರೆ ಹೇಳು? ಕೈ ಆಡುವಷ್ಟು ದಿವಸ ಆಡ್ಲಿ. ನನ್ನ ಮೇಲೆ ಆಣೆ ಉಂಟು ನಿನಗೆ."

ಬಸ್ ಬಂತು. ಹತ್ತಿದೆವು. ಮನೆ ಮುಟ್ಟಿದಾಗ ಭಾವ, "ತಲೆಯೊಳಗೆ ಎಂತ ಸಿಕ್ಕಿತು?" ಎಂದು ಕೇಳಿದರು. ಅಕ್ಕ ನಕ್ಕು, "ನಿಮ್ಮ ಚಿಂತೆ" ಎಂದರು. ನಾನೂ ನಗಬೇಕಾಯಿತು…

ಒಂದು ವರ್ಷದ ಮಟ್ಟಿಗೆ ಹೊರಗಿನವರಿಗೆ ಏನೂ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ನಾನು, ಅವರಿಗೆ ವಾಸನೆ ಹತ್ತುವುದಿಲ್ಲ ಎಂದು ಈಗ ಗೊತ್ತಿದ್ದೇ ಮೂಸಿ ಹೇಳುತ್ತಿದ್ದೆ. ನಾನಿಲ್ಲದ ದಿನ ಮಸಾಲೆ ಸೀಯುತ್ತಿತ್ತು. ಭಾವ ಬೈಯುತ್ತಿದ್ದರು. ಗೋಡೆಯ ಹಲಗೆಯ ಮೇಲೆ ದಿನದ ಅಡುಗೆಯ ಹೆಸರು ಬರೆಯುವುದು ಅಕ್ಕನ ಕೆಲಸ. ಅಕ್ಷರ ದಿನೇ ದಿನೇ ಸಣ್ಣದಾಗುತ್ತಾ ಹೋಯಿತು. "ಇರುವೆ ಓದ್ಲಿಕ್ಕೆ ಬರೆದದ್ದಾ?" ಎಂದು ಭಾವ ಬಟ್ಟೆಯಿಂದ ಅಳಿಸಿ ತಾವೇ ದಪ್ಪಕ್ಷರದಲ್ಲಿ ಬರೆದರು. ಆಮೇಲೆ ಆ ಕೆಲಸ ಅವರಿಗೇ ಹೋಯಿತು. ಸೋಮಾರಿ ಆಗಿದ್ದಾಳೆ ಎಂದು ಎಲ್ಲರೆದುರು ಹೇಳುತ್ತಿದ್ದರು. ಅವರು ಕೆಟ್ಟ ಮನುಷ್ಯರಲ್ಲ. ಅಷ್ಟು ವರ್ಷ ಗಾಳಿಯ ಹಾಗೆ ಕೆಲಸ ಮಾಡಿದ ಹೆಂಡತಿ ಒಮ್ಮೆಗೇ ನಿಧಾನವಾದದ್ದು ಅವರಿಗೆ ಅರ್ಥವಾಗುತ್ತಿರಲಿಲ್ಲ, ಅಷ್ಟೆ. ಅರ್ಥ ಮಾಡಿಸಬಹುದಾಗಿದ್ದವಳು ಬಾಳೆಲೆಯ ಮುಂದೆ ತಲೆ ತಗ್ಗಿಸಿ ಕೂತಿರುತ್ತಿದ್ದೆ.

ಎರಡು ವರ್ಷಕ್ಕೆ ಮತ್ತೆ ಸ್ಕ್ಯಾನ್ ಮಾಡಬೇಕಿತ್ತು. ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ಅಳೆಯಲು. ಸರೋಜಿನಿ ನಗರದ ಮಾರ್ಕೆಟ್ಟಿಗೆ ಹೋಗಿಬರುತ್ತೇವೆ ಎಂದು ಭಾವನಿಗೆ ಹೇಳಿ ಅಕ್ಕ ನನ್ನ ಜೊತೆ ಬಂದರು. ಎಡಗಡೆಯದು ಬರಿಯ ಚುಕ್ಕೆಯಾಗಿತ್ತು. ಬಲಗಡೆಯ ಬಾಲವೂ ಮಸುಕಾಗಿತ್ತು. ಮೇಜಿನಿಂದ ಇಳಿಯಲು ನಾನು ಕೈ ಕೊಟ್ಟಾಗ, "ಎಷ್ಟು ಉಳಿದಿದೆ?" ಎಂದು ಕೇಳಿದರು, ಡಬ್ಬಿಯಲ್ಲಿ ಎಣ್ಣೆ ಎಷ್ಟಿದೆ ಎಂದು ಕೇಳುವ ಹಾಗೆ. ಮಾತ್ರೆ ಶುರುವಾದದ್ದು ಆಗಲೇ. ಮೆಂತ್ಯದ ಡಬ್ಬಿಯೊಳಗೆ ಅಡಗಿಸಿಡುತ್ತಿದ್ದರು. ಭಾವ ಮಸಾಲೆ ಡಬ್ಬಿಗಳನ್ನು ಮುಟ್ಟುತ್ತಿರಲಿಲ್ಲ.

ನಾನು ಮರೆಯಲಾಗದ ಒಂದು ಭಾನುವಾರವಿದೆ. ಆರ್.ಕೆ.ಪುರಂನಿಂದ ಬರುತ್ತಿದ್ದ ಒಬ್ಬ ಹೆಂಗಸು ಕೈ ತೊಳೆಯುವಲ್ಲಿ ನನಗೆ ಹೇಳಿದರು. "ಅಕ್ಕನಿಗೆ ಈಗ ಜಂಬ ಅಲ್ವಾ? ನಾವು ವಾರ ವಾರ ಬಂದ್ರೂ ಒಂದು ನಗು ಇಲ್ಲ. ಮುಖ ಗಂಟು ಹಾಕ್ಕೊಂಡೇ ಇರ್ತಾರೆ." ಪಕ್ಕದಲ್ಲೇ ಇದ್ದ ಭಾವನ ಕಿವಿಗೆ ಅದು ಬಿತ್ತು. ಅನ್ನದ ಪಾತ್ರೆ ಅಲ್ಲೇ ಇಟ್ಟು, ಪಲ್ಯ ತಂದಿಡುತ್ತಿದ್ದ ಅಕ್ಕನ ಮುಂದೆ ನಿಂತರು.

"ಎಂತ ನಿನ್ನದು? ಅನ್ನ ಹಾಕುವವಳು ಮುಖ ಹೀಗೆ ಇಟ್ಕೊಂಡ್ರೆ ಬಂದವರು ಎಂತ ತಿಳ್ಕೊಳ್ಬೇಕು? ಒಂದು ನಗ್ಲಿಕ್ಕೂ ನಿನಗೆ ಕಷ್ಟವಾ?"

ಅಕ್ಕ ಗಂಡನನ್ನು ನೋಡಿದರು. ಮುಖದಲ್ಲಿ ಏನೂ ಇರಲಿಲ್ಲ. ಸಣ್ಣ ದನಿಯಲ್ಲಿ, "ನಗ್ತಾ ಇದ್ದೇನಲ್ಲ" ಎಂದರು.

ಭಾವ ಅದನ್ನು ಕೊಂಕು ಎಂದು ತಿಳಿದು ಇನ್ನಷ್ಟು ರೇಗಿದರು. ಆದರೆ ಅಕ್ಕ ಹೇಳಿದ್ದು ನಿಜ. ಅವರು ನಗುತ್ತಲೇ ಇದ್ದರು. ಕಾಯಿಲೆ ಮುಖದ ಸ್ನಾಯುಗಳನ್ನು ಬಿಗಿದುಬಿಟ್ಟಿತ್ತು, ನಗು ಹೊರಗೆ ಬರುತ್ತಿರಲಿಲ್ಲ. ಆ ಕೋಣೆಯಲ್ಲಿ ಅದು ಗೊತ್ತಿದ್ದದ್ದು ನಮಗಿಬ್ಬರಿಗೇ. ನಾನು ಕೈ ತೊಳೆದು ಹೊರಟುಬಂದೆ.

ಆ ಸಂಜೆ ಮೇಲೆ ಹೋಗಿ, "ಅಕ್ಕಾ, ಇನ್ನು ನನ್ನಿಂದಾಗಲ್ಲ, ನಾನು ಹೇಳ್ತೀನಿ" ಎಂದೆ. ಅವರು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ. ಬಲಗೈ ಆಗಾಗ ತಡೆದು ನಿಲ್ಲುತ್ತಿತ್ತು. "ಬೈಸಿಕೊಳ್ಳುವುದು ನನಗೆ ಕಷ್ಟ ಇಲ್ಲ ಮಗಾ. ಬೈಯುವಾಗ ಅವರು ನನ್ನನ್ನು ಗಟ್ಟಿಯಿರುವ ಹೆಂಡತಿ ಅಂತಲೇ ಬೈತಾರೆ. ಗೊತ್ತಾದ್ರೆ ಬೈಯುವುದೂ ಬಿಡ್ತಾರೆ." ಉಳಿದ ಹೋಳನ್ನು ನಾನು ತುರಿದುಕೊಟ್ಟೆ.

ನಾಲ್ಕು ವರ್ಷಕ್ಕೆ ಮೂರನೆಯ ಸ್ಕ್ಯಾನ್ ಆಯಿತು. ಅದರಲ್ಲಿ ಎರಡು ಮಸುಕು ಚುಕ್ಕೆಗಳು, ಅಷ್ಟೆ. ಅಕ್ಕ ಈ ಸಲ ಏನೂ ಕೇಳಲಿಲ್ಲ. ಆ ಹೊತ್ತಿಗೆ ಕೈ ನಡುಗುತ್ತಿತ್ತು. ಭಾವ ಅದನ್ನು ನಿಶ್ಶಕ್ತಿ ಎಂದು ಟಾನಿಕ್ ತಂದುಕೊಟ್ಟಿದ್ದರು.

ಅದಾಗಿ ಒಂದೂವರೆ ತಿಂಗಳಿಗೆ, ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಸಾಂಬಾರಿನ ಪಾತ್ರೆ ಹಿಡಿದು ಇಳಿಯುವಾಗ ಅಕ್ಕನ ಕಾಲು ಮೆಟ್ಟಿಲಿಗೆ ಅಂಟಿಕೊಂಡಿತು. ಕಾಲು ಮುಂದೆ ಬರಲಿಲ್ಲ, ಮೈ ಮುಂದೆ ಹೋಯಿತು. ಸೊಂಟದ ಮೂಳೆ ಮುರಿಯಿತು. ತೊಡೆಯೆಲ್ಲ ಸುಟ್ಟಿತ್ತು. ಯಾರೋ ಆಟೊದಲ್ಲಿ ಹಾಕಿಕೊಂಡು ನಮ್ಮ ಆಸ್ಪತ್ರೆಗೇ ತಂದರು. ಸುದ್ದಿ ಕೇಳಿ ನಾನು ಕೆಳಗೆ ಓಡಿದೆ. ಭಾವನ ಅಂಗಿಯ ಮೇಲೆಲ್ಲ ಸಾಂಬಾರು ಒಣಗಿತ್ತು.

ಎಮರ್ಜೆನ್ಸಿಯ ಡಾಕ್ಟರು ಅಕ್ಕನ ಹಳೆಯ ಫೈಲು ತರಿಸಿ ನೋಡುತ್ತಾ, ಹಿಂದಿಯಲ್ಲಿ, "ಇವರಿಗೆ ನಾಲ್ಕು ವರ್ಷದಿಂದ ಪಾರ್ಕಿನ್ಸನ್ ಇದೆ. ಯಾವ ಮಾತ್ರೆ ಕೊಡ್ತಿದ್ದೀರಿ?" ಎಂದು ಭಾವನನ್ನು ಕೇಳಿದರು.

"ಇವಳಿಗಾ? ಇಲ್ಲ ಸಾಬ್, ಬೇರೆ ಯಾರದೋ ಫೈಲು" ಎಂದರು ಭಾವ.

ಡಾಕ್ಟರು ಫೈಲನ್ನು ತಿರುಗಿಸಿ ಹೆಸರು ತೋರಿಸಿದರು. ಮೂರೂ ಸ್ಕ್ಯಾನಿನ ಕಾಗದಗಳಲ್ಲಿ ಕೆಳಗೆ ಟೆಕ್ನಿಷಿಯನ್ ಎಂದಿದ್ದ ಕಡೆ ನನ್ನ ಸಹಿ ಇತ್ತು. ಭಾವ ನನ್ನ ಕಡೆ ತಿರುಗಿದರು.

"ನಿನಗೆ ಗೊತ್ತಿತ್ತಾ ತಂಗಿ?"

ನಾನು ಹೌದೆಂದೆ.

ಅವರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. ಗೋಡೆಯ ಬದಿಗೆ ನೆಲದ ಮೇಲೆ ಕುಕ್ಕರಿಸಿದರು. "ನಾಲ್ಕು ವರ್ಷ ಬೈದೆನಲ್ಲ… ದಿನಾ ಬೈದೆನಲ್ಲ" ಎಂದಷ್ಟೇ ಹೇಳುತ್ತಿದ್ದರು.

ಆಪರೇಷನ್ ಆಯಿತು. ಆದರೆ ನುಂಗುವ ಶಕ್ತಿ ಹೋಗಿ, ಗಂಜಿ ಶ್ವಾಸಕೋಶಕ್ಕೆ ಇಳಿದು, ಸೋಂಕು ಹತ್ತಿತು. ಮೂರು ವಾರ ಭಾವ ಮಂಚದ ಪಕ್ಕದಿಂದ ಏಳಲಿಲ್ಲ. ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಾ, "ಬೈಯುವುದಿಲ್ಲ, ಇನ್ನು ಬೈಯುವುದಿಲ್ಲ" ಎನ್ನುತ್ತಿದ್ದರು. ಅಕ್ಕನಿಗೆ ಮಾತು ನಿಂತಿತ್ತು. ಕಣ್ಣು ಮಾತ್ರ ಅವರ ಮೇಲಿತ್ತು. ಮುಖದಲ್ಲಿ ಏನೂ ಇರಲಿಲ್ಲ. ಅವರು ನಗುತ್ತಿದ್ದರೋ, ಅಳುತ್ತಿದ್ದರೋ, ಭಾವನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ಶಿಫ್ಟಿಗೆ ಬಂದಾಗ ಮಂಚ ಖಾಲಿಯಿತ್ತು.

ಹದಿಮೂರನೆಯ ದಿನ ಕಳೆದ ಮೇಲೆ ಭಾವ ನಮ್ಮ ವಿಭಾಗಕ್ಕೆ ಬಂದರು. "ಆ ಚಿತ್ರ ನನಗೊಮ್ಮೆ ತೋರಿಸು" ಎಂದರು. ಡಾಕ್ಟರಮ್ಮನ ಅನುಮತಿ ಕೇಳಿ ಮೂರನ್ನೂ ಪರದೆಯ ಮೇಲೆ ಸಾಲಾಗಿ ಹಾಕಿದೆ. ಯಾವುದು ಯಾವ ತಿಂಗಳಿನದು ಎಂದು ಕೇಳಿದರು. ಹೇಳಿದೆ. ಮೊದಲನೆಯದನ್ನು ಬೆರಳಲ್ಲಿ ತೋರಿಸಿ, "ಆ ವರ್ಷ ಚೌತಿಗೆ ಕಡುಬು ಮಾಡ್ಲಿಲ್ಲ ಅಂತ ನಾಲ್ಕು ದಿವಸ ಮಾತು ಬಿಟ್ಟಿದ್ದೆ" ಎಂದರು. ಎರಡನೆಯದರ ಮುಂದೆ, "ಆಗ ಹಲಗೆ ಕಸಿದುಕೊಂಡೆ." ಮೂರನೆಯದರ ಮುಂದೆ ನಿಂತು ಏನನ್ನೋ ನೆನಪಿಸಿಕೊಳ್ಳಲು ನೋಡಿದರು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಹೊರಟುಹೋದರು.

ತಿಂಗಳೊಳಗೆ ಮೆಸ್ಸು ಮುಚ್ಚಿ ಊರಿಗೆ ಹೋದರು. ತಮ್ಮನ ಮನೆಯಲ್ಲಿದ್ದರು. ವರ್ಷಕ್ಕೆ ಎರಡು ಮೂರು ಸಲ ನಾನು ಫೋನ್ ಮಾಡುತ್ತಿದ್ದೆ. ಮಳೆ, ಆರೋಗ್ಯ, ನನ್ನ ಮಗಳ ಶಾಲೆ, ಎಲ್ಲ ಆದ ಮೇಲೆ ಕೇಳುತ್ತಿದ್ದರು. "ನೀನು ಹೇಳಿದ್ರೆ ನಾನು ಬೈತಿರ್ಲಿಲ್ಲ ಅಲ್ವಾ ತಂಗಿ?" ಪ್ರತಿ ಸಲವೂ ಅದೇ ಪ್ರಶ್ನೆ. "ಇಲ್ಲ ಭಾವ, ಖಂಡಿತ ಬೈತಿರಲಿಲ್ಲ" ಎನ್ನುತ್ತಿದ್ದೆ. ಅವರಿಗೆ ಬೇಕಾಗಿದ್ದದ್ದು ಅಷ್ಟೇ. ನಾನೇಕೆ ಹೇಳಲಿಲ್ಲ ಎಂದು ಒಮ್ಮೆಯೂ ಕೇಳಲಿಲ್ಲ. ಹೋದ ಚಳಿಗಾಲದಲ್ಲಿ ತಮ್ಮನ ಮನೆಯಿಂದಲೇ ಫೋನ್ ಬಂತು, ಭಾವ ಹೋದರು ಎಂದು.

ನಾನು ಈಗಲೂ ಅದೇ ಕೆಲಸದಲ್ಲಿದ್ದೇನೆ, ಆಸ್ಪತ್ರೆ ಬೇರೆ. ಯಂತ್ರಗಳು ಹೊಸವು, ಚಿತ್ರ ಇನ್ನೂ ಸ್ಪಷ್ಟ. ಕಾಯಿಲೆಯನ್ನು ಇನ್ನೂ ಬೇಗ ಹಿಡಿಯಬಹುದು ಎನ್ನುತ್ತಾರೆ. ನಿಲ್ಲಿಸುವ ಔಷಧಿ ಈಗಲೂ ಇಲ್ಲ. ಸೂಜಿ ಚುಚ್ಚುವ ಮೊದಲು ಬಂದವರನ್ನು ನಾನು ಒಂದು ಮಾತು ಕೇಳುತ್ತೇನೆ, ಮನೆಯಲ್ಲಿ ಯಾರಿಗೆ ಹೇಳಿ ಬಂದಿದ್ದೀರಿ ಎಂದು. ಅದು ಯಾವ ಫಾರಂನಲ್ಲೂ ಇಲ್ಲದ ಪ್ರಶ್ನೆ. ಯಾರಿಗೂ ಹೇಳಿಲ್ಲ ಎನ್ನುವವರು ವಾರಕ್ಕೊಬ್ಬರಾದರೂ ಇರುತ್ತಾರೆ. ಒಬ್ಬರಿಗಾದರೂ ಹೇಳಿ ಎನ್ನುತ್ತೇನೆ. ಅವರು ತಲೆಯಾಡಿಸುತ್ತಾರೆ, ತೋಳು ಮುಂದೆ ಚಾಚುತ್ತಾರೆ. ಆಮೇಲೆ ಹೇಳುತ್ತಾರೋ ಇಲ್ಲವೋ, ನನಗೆ ಗೊತ್ತಾಗುವುದಿಲ್ಲ.